ಮದುವೆ ಹಾಲಿನ ಕೋರ್ಟು

ತನಿಷಾ ಕ್ರಾಸ್ತೊ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದ ಮೇಲೆ ವಾಸ್ಕೋದ ನಮ್ಮ ಓಣಿಯಲ್ಲಿ ಶಟಲ್ ಮಾತು ಜೋರು. ಗೋವಾದ ಈ ಹುಡುಗಿಗೆ ಅಲ್ಲಿ ಜೋಡಿಯಾಗಿದ್ದವರು ಕೊಡಗಿನ ಅಶ್ವಿನಿ ಪೊನ್ನಪ್ಪ. ಹಾಗಾಗಿ ಅವರ ಸೋಲಿನ ನೋವು ಇಲ್ಲಿನವರಿಗೂ ಬಂತು, ಇಲ್ಲಿರುವ ಕನ್ನಡಿಗರಾದ ನಮಗೂ ಬಂತು. ಬೇಲಿಯಾಚೆಯ ಗದಗಿನ ಅಕ್ಕಾವರು ಒಣಗಿದ ಬಟ್ಟೆ ತೆಗೆಯುತ್ತ ಕೇಳಿದರು: "ತಮ್ಮಾ, ಆ ಪ್ರಕಾಶ್ ಪಡುಕೋಣೆ ಅಂದ್ರ ಸಿನಿಮಾದ ದೀಪಿಕಾನ ಅಪ್ಪ ಹೌದಲ್ಲೋ? ಪ್ಯಾರಿಸ್‌ನಾಗ ಸೋತು ಕುಂತ ಹುಡುಗಗ ಅಷ್ಟು ಖಾರ ಮಾತಾಡೋದು ಸರಿ ಏನು?"

"ದೀಪಿಕಾ ಪ್ರಕಾಶರ ಮಗಳು ಅನ್ರಿ ಅಕ್ಕಾರ, ಆಮ್ಯಾಲ ಮುಂದಿನ ಮಾತು" ಅಂದೆ.

ಪ್ರಕಾಶ್ ಬ್ಯಾಡ್ಮಿಂಟನ್ ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಅಲ್ಲಿ ಮದುವೆ, ಮುಂಜಿ ಇದ್ದರೆ ಆಟವಿಲ್ಲ. ಇಲ್ಲದಿದ್ದರೆ ಶಾಲೆ ಬಿಟ್ಟವರೇ ಓಡಿಹೋಗಿ ಆಡಬೇಕು. ಹದಿನಾರಕ್ಕೆಲ್ಲ ರಾಷ್ಟ್ರೀಯ ಚಾಂಪಿಯನ್, ಅಲ್ಲಿಂದ ಸತತ 9 ಸಲ ಆ ಪಟ್ಟ. 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಚಿನ್ನ.

ಅಕ್ಕಾವರಿಗೆ ನಾನು ಬಿಡಿಸಿ ಹೇಳಿದ್ದು 1980ರ ಮಾರ್ಚ್‌ನ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡೂ ವರ್ಷ ಅದೇ ಪ್ರಶಸ್ತಿ ಗೆದ್ದವ, ಗಾಳಿಗೆ ಜಿಗಿದು ಸ್ಮ್ಯಾಶ್ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಜೊತೆ ಬಿರುಸಿನ ಪೈಪೋಟಿಗೆ ಪ್ರಕಾಶ್ ಇಳಿಯಲೇ ಇಲ್ಲ. ಕಾಕ್ ಎತ್ತರಕ್ಕೆ ಹೋದರೆ ತಾನೆ ಅವನು ಜಿಗಿಯುವುದು? ನೆಟ್ಟಿನ ಹತ್ತಿರ ಹಗುರಕ್ಕೆ ಇಳಿಸಿ, ಅರ್ಧ ವೇಗದಲ್ಲಿ ಮೂಲೆಗೆ ತಳ್ಳಿ, ಅವನ ಲಯವನ್ನೇ ಕೆಡಿಸಿದರು. 15-3, 15-10. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ನನ್ನ ಕಣ್ಣಿಗೆ ನಮ್ಮ ನಾಡಿನವರು ಆಡಿದ ಆಟಗಳಲ್ಲೆಲ್ಲ ಅಷ್ಟು ಬುದ್ಧಿವಂತಿಕೆಯ ಆಟ ಇನ್ನೊಂದಿಲ್ಲ. ಮರುವರ್ಷದ ಫೈನಲ್‌ನಲ್ಲಿ ಅದೇ ಕಿಂಗ್ ಗೆದ್ದ, ಅದೂ ನಿಜ.

"ಆಮ್ಯಾಲ ಮನ್ಯಾಗ ಕುಂತ್ರೇನು?"

ಎಲ್ಲಿ ಕೂರುತ್ತಾರೆ! 1991ರಲ್ಲಿ ನಿವೃತ್ತಿ, 1994ರಲ್ಲಿ ವಿಮಲ್ ಕುಮಾರ್ ಅವರೊಂದಿಗೆ ಬೆಂಗಳೂರಿನಲ್ಲಿ ಅಕಾಡೆಮಿ. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಪ್ಯಾರಿಸ್‌ನಲ್ಲಿ ಕಂಚಿನ ಪಂದ್ಯ ಸೋತ ಲಕ್ಷ್ಯ ಸೇನ್ ಕೂಡ ಅಲ್ಲಿಯವನೇ. ಮೊದಲ ಗೇಮ್ 21-13ರಿಂದ ಗೆದ್ದು ಆಮೇಲೆ ಕೈಚೆಲ್ಲಿದ. ಆಗಲೇ ಅವನ ಕೋಚ್ ಪ್ರಕಾಶ್ ಹೇಳಿದ್ದು: ಸರ್ಕಾರ, ಸಂಸ್ಥೆಗಳು ಬೇಕಾದದ್ದೆಲ್ಲ ಕೊಟ್ಟಿವೆ, ಇನ್ನು ಹೊಣೆ ಆಟಗಾರರದ್ದು ಅಂತ. ಅಶ್ವಿನಿಗೆ ಅದು ಹಿಡಿಸಲಿಲ್ಲ. ಗೆದ್ದಾಗ ಪಾಲಿಗೆ ಬರುವವರು ಸೋತಾಗ ಆಟಗಾರನೊಬ್ಬನ ಮೇಲೇ ಹೊರೆ ಹಾಕುವುದೇಕೆ ಎಂದು ಆಕೆ ಬಹಿರಂಗವಾಗಿಯೇ ಕೇಳಿದರು.

"ಆಕಿ ಸರಿಯಾಗಿ ಕೇಳ್ಯಾಳ" ಅಂದರು ಅಕ್ಕಾವರು, ಬಕೆಟ್ ಕೆಳಗಿಟ್ಟು. ತಂಡವೆಂದರೆ ಕೋಚೂ ಸೇರಿದ್ದು ತಾನೆ ಎಂಬ ಅವರ ಮಾತನ್ನು ನಾನೂ ಒಪ್ಪಿದೆ. ಆದರೆ ಪ್ರಕಾಶರ ಮಾತು ಸಿಟ್ಟಿನಿಂದ ಬಂದದ್ದಲ್ಲ. ಹಾಲು ಖಾಲಿ ಇದೆಯೋ ಇಲ್ಲವೋ ಎಂದು ದಿನಾ ಇಣುಕಿ ನೋಡಿ ಬೆಳೆದ ಹುಡುಗ, ಮುಂದೆ ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಕೋರ್ಟು ಒದಗಿಸಿದವರು. ಕೇಳುವ ಹಕ್ಕು ಅವರಿಗಲ್ಲದೆ ಇನ್ಯಾರಿಗೆ?

ಅಕ್ಕಾವರು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಹಕ್ಕು ಅದ, ಯಾರು ಇಲ್ಲಂದ್ರು? ಆದ್ರ ಅವತ್ತ ಸಂಜಿಗೇ ಹೇಳಬೇಕಿತ್ತೇನು? ಹುಡುಗ ಉಂಡು, ಮಲಗಿ, ಎದ್ದ ಮ್ಯಾಲ ಹೇಳಬಹುದಿತ್ತು."