ಕೊಂಬಿರುವ ರೋಗಿಗಳ ಡಾಕ್ಟ್ರು

ಇವರ ಅಪ್ಪ ಹೆಣ್ಣಿನ ಕಡೆಯವರ ಮುಂದೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹುಡುಗ ಡಾಕ್ಟ್ರು, ಸರ್ಕಾರಿ ಆಸ್ಪತ್ರೆ, ಹೆಬ್ಬಾಳದಲ್ಲಿ ಐದೂವರೆ ವರ್ಷದ ಓದು. ಕಾಲೇಜು ಶುರುವಾದ ಇಸವಿ 1958 ಅಂತಲೂ ಹೇಳಿದರು. ಅದು ಯಾವುದರ ಕಾಲೇಜು ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಎಂಬಿಬಿಎಸ್‌ಗೂ ಅಷ್ಟೇ ವರ್ಷ. ಅಲ್ಲಿ ಓದೋದು ಒಂದೇ ಪ್ರಾಣಿಯ ಬಗ್ಗೆ, ಇಲ್ಲಿ ಕೋಳಿಯಿಂದ ಆನೆವರೆಗೆ. ಆದರೂ ‘ಪಾಪ, ರ‍್ಯಾಂಕು ಕೈಕೊಡ್ತು’ ಅಂತ ನೆಂಟರು ಇವತ್ತಿಗೂ ಮರುಗುತ್ತಾರೆ.

ಹೆಣ್ಣು ನೋಡಲು ಹೋದ ದಿನ ಗುಟ್ಟು ರಟ್ಟಾಯಿತು. ಹುಡುಗಿಯ ತಂದೆ ಸಿಡುಕುತ್ತಾರೆ ಅಂದುಕೊಂಡರೆ ಮುಖ ಊರಗಲವಾಯಿತು. ಕೇಸರಿಬಾತು ಖಾಲಿಯಾಗುವ ಮೊದಲೇ ಭಾವೀ ಅಳಿಯನನ್ನು ಹಿತ್ತಲಿಗೆ ಹೊರಡಿಸಿದರು. ‘ಈ ಸೀಮೆಹಸು ಮೂರು ಸಲ ಇಂಜೆಕ್ಷನ್ ಕೊಡಿಸಿದ್ರೂ ಗಬ್ಬ ನಿಲ್ತಿಲ್ಲ, ನೋಡಿ.’ ಗ್ಲೌಸ್ ಇಲ್ಲದೆ ಮನೆ ಬಿಡುವ ಆಸಾಮಿಯಲ್ಲ ನಮ್ಮ ಡಾಕ್ಟ್ರು. ಹೊಸ ಶರ್ಟು ಕಳಚಿ, ಭುಜದವರೆಗೂ ಗ್ಲೌಸ್ ಏರಿಸಿ, ಹಸುವಿನ ಹಿಂದೆ ನಿಂತು ಕೈ ಒಳಗೆ ಬಿಟ್ಟು, ಕಣ್ಣು ಮುಚ್ಚಿ ಗರ್ಭಕೋಶ ತಡಕುತ್ತಿದ್ದಾಗ ಹುಡುಗಿ ಕಾಫಿ ತಂದಳು. ಒಪ್ಪಿಯೂಬಿಟ್ಟಳು. ಅದೇನು ಕಂಡಳೋ, ಶಿವನೇ ಬಲ್ಲ.

ಇವರ ಕಷ್ಟ ಏನೆಂದರೆ, ರೋಗಿಗೆ ಮಾತು ಬರುವುದಿಲ್ಲ, ಮಾತು ಬರುವವನು ನಿಜ ಹೇಳುವುದಿಲ್ಲ. ಹಗಲೆಲ್ಲ ಕಾಲುಬಾಯಿ ಜ್ವರದ ಲಸಿಕೆ ಹಾಕಿ, ಒಂದೊಂದು ದನದ ಕಿವಿಯೋಲೆಯ 12 ಅಂಕಿಯನ್ನೂ ಮೊಬೈಲಿಗೆ ಒತ್ತಿ ಮಲಗಿದರೆ ರಾತ್ರಿ ಫೋನು. ‘ನಿನ್ನೆಯಿಂದ ಮೇವು ಮುಟ್ಟಿಲ್ಲ ಸಾ.’ ನಿನ್ನೆಯಲ್ಲ, ಮೊನ್ನೆಯಿಂದ. ನಾಟಿ ಔಷಧಿ, ಅಂತ್ರ, ಪಕ್ಕದೂರಿನ ಭಾವಮೈದನ ಸಲಹೆ ಎಲ್ಲ ಮುಗಿದು ಹಸು ನೆಲ ಹಿಡಿದ ಮೇಲೆ ಇವರ ನೆನಪು.

ಹೋದರು. ಎಡಪಕ್ಕೆಗೆ ಮುಷ್ಟಿ ಒತ್ತಿ ನೋಡಿದರು. ‘ಏನು ತಿನ್ನಿಸಿದ್ರಿ ಗೌಡ್ರೆ?’

‘ಏನೂ ಇಲ್ಲ ಸಾ, ಬರೀ ಹುಲ್ಲು.’

ಡಾಕ್ಟ್ರು ಬ್ಯಾಟರಿ ಬಿಟ್ಟು ಸಗಣಿ ಕೆದಕಿದರು. ‘ಹುಲ್ಲಿಗೆ ಒಗ್ಗರಣೆ ಹಾಕಿದ್ರಾ? ಸಾಸಿವೆ ಇದೆ.’

ಗೌಡರು ತಲೆ ಕೆರೆದುಕೊಂಡರು. ‘ಮದ್ವೆಮನೆ ಚಿತ್ರಾನ್ನ ಮಿಕ್ಕಿತ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ.’

‘ಎಷ್ಟು?’

‘ಒಂದು ಬಕೇಟು... ಎರಡಿದ್ರೂ ಇರಬಹುದು.’

‘ಪಾಯಸ?’

‘ಅದೂ ಒಂಚೂರು.’

ಅಷ್ಟು ಅನ್ನ ಹೊಟ್ಟೆಯಲ್ಲಿ ಹುಳಿತರೆ ಆಮ್ಲ ರಕ್ತಕ್ಕೇರಿ ಹಸು ಹೋಗೇಬಿಡುತ್ತದೆ. ಇದು ಡಾಕ್ಟ್ರಿಗೆ ಗೊತ್ತು. ಗೌಡರಿಗೂ ಇನ್ನೊಂದು ಮದುವೆಯವರೆಗೆ ಗೊತ್ತಿರುತ್ತದೆ. ಅಡುಗೆ ಸೋಡಾ ಕದಡಿ ಕುಡಿಸಿ, ಸಲೈನ್ ಏರಿಸಿ, ಕೊಟ್ಟಿಗೆಯಲ್ಲೇ ಕೂತರು. ಕೋಳಿ ಕೂಗೋ ಹೊತ್ತಿಗೆ ಹಸು ಎದ್ದು ಮೆಲುಕು ಹಾಕಿತು. ಫೀಸಿನ ಮಾತು ಬರುವ ಮೊದಲೇ ಗೌಡರು ಎಳನೀರು ಕೆತ್ತಿಕೊಟ್ಟು, ದನಿ ತಗ್ಗಿಸಿದರು.

‘ಸಾ, ಅದೇ ಚಿತ್ರಾನ್ನ ನಾನೂ ಉಂಡಿದ್ದೆ. ಹೊಟ್ಟೆ ಕಲ್ಲಾಗೈತೆ. ಮಿಕ್ಕಿರೋ ಔಷಧೀಲಿ ಒಂದಿಷ್ಟು...’

‘ಲೆಕ್ಕ ಕೂಡಲ್ಲ ಗೌಡ್ರೆ. ನಿಮಗೆ ಮೂರು ಹೊಟ್ಟೆ ಕಮ್ಮಿ.’