ಎಡಕ್ಕೆ ಬೇಕರಿ, ಬಲಕ್ಕೆ ನಾನು

ನಮ್ಮ ಹಳೇ ಕಾರಿಗೆ ಇತ್ತೀಚೆಗೆ ಎಡಗಡೆಯ ವ್ಯಾಮೋಹ ಹತ್ತಿತ್ತು. ಸ್ಟೇರಿಂಗ್ ಹಿಡಿತ ಕೊಂಚ ಸಡಿಲಿಸಿದರೆ ಸಾಕು, ನೇರ ಬೇಕರಿ ಕಡೆಗೇ ವಾಲುತ್ತಿತ್ತು. ತಿರುಗಿಸಿದರೆ 'ಟಕ್' ಎಂದು ಗೊಣಗುತ್ತಿತ್ತು. "ಹೇಗೂ ಆ ಕಡೆಗೇ ಹೋಗ್ತಿದೆಯಲ್ಲ, ಅರ್ಧ ಕೇಜಿ ಖಾರ ತಗೊಂಡ್ಬನ್ನಿ" ಎಂದಳು ಹೆಂಡತಿ. ಪಕ್ಕದ ಮನೆಯವರು ಗಾಳಿ ಕಮ್ಮಿ ಎಂದರು, ಎದುರು ಮನೆಯವರು ದೃಷ್ಟಿ ಎಂದರು. ಗ್ಯಾರೇಜಿನ ಹುಡುಗ ಮಾತ್ರ ತುಟಿಪಿಟಕ್ಕೆನ್ನದೆ ಮುಂದಿನ ಟೈರುಗಳನ್ನು ಅದಲುಬದಲು ಮಾಡಿ ಓಡಿಸಿ ನೋಡಿದ. ವಾಲುವ ದಿಕ್ಕು ಬದಲಾದರೆ ಟೈರಿನದೇ ದೋಷವಂತೆ, ಬದಲಾಗಲಿಲ್ಲ. ಜಾಕ್ ಏರಿಸಿ ಚಕ್ರ ಅಲ್ಲಾಡಿಸಿದರೆ ಬಾಲ್ ಜಾಯಿಂಟ್ ಲೊಡಲೊಡ, ಲೋವರ್ ಆರ್ಮ್ ಬುಷ್ ಚಿಂದಿ. ಎರಡನ್ನೂ ಬದಲಿಸಿ, ಅಲೈನ್‌ಮೆಂಟ್ ಮಾಡಿದ ಮೇಲೆ ಕಾರು ಸೊಗಸಾಗಿ ನೇರ ಓಡುತ್ತಿದೆ. ಬಲಕ್ಕೆ ಎಳೆದೆಳೆದು ರೂಢಿಯಾದ ನನ್ನ ಕೈಗಳಿಗೆ ಅಲೈನ್‌ಮೆಂಟ್ ಮಾಡುವವರನ್ನು ಹುಡುಕುತ್ತಿದ್ದೇನೆ.