ಬ್ಲೂ ಕಾಕಾ

ನಮ್ಮ ಕಡೆ ಪ್ರತಿ ಮನೆತನಕ್ಕೂ ಒಂದು ಮನೆದೇವರು, ಒಂದು ಮುಗಿಯದ ಹೊಲದ ತಂಟೆ, ಒಬ್ಬ ಮಾಜಿ ಆಟಗಾರ ಕಾಕಾ ಇರಲೇಬೇಕು. ಮೊದಲೆರಡರಲ್ಲಿ ಮನೆತನಕ್ಕೊಂದು ರೀತಿ ಉಂಟು. ಮೂರನೆಯದರಲ್ಲಿ ಮಾತ್ರ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಯಾವ ತಾಲೂಕಿಗೆ ಹೋದರೂ ಒಂದೇ ಅಚ್ಚು. ವಯಸ್ಸು ಅರವತ್ತು ದಾಟಿರುತ್ತದೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮೊಬೈಲು. ಬಲಗಾಲು ಚೂರು ಕುಂಟು. ‘ಆಟದಾಗ ಆಗಿದ್ದು’ ಎಂದು ಕಾಕಾ ಹೇಳುತ್ತಾರೆ. ‘ಟ್ರ್ಯಾಕ್ಟರ್ ಇಳಿಯೂ ಮುಂದ ಆಗಿದ್ದು’ ಎಂದು ಕಾಕು ಒಳಗಿನಿಂದಲೇ ತಿದ್ದುತ್ತಾಳೆ.

ನಮ್ಮ ಮನೆತನದ ಕಾಕಾನನ್ನು ಊರೆಲ್ಲ ಕರೆಯುವುದು ಬ್ಲೂ ಕಾಕಾ ಎಂದೇ. ಕಾಲೇಜು ಕಾಲೇಜುಗಳ ಪಂದ್ಯದಲ್ಲಿ ಆಡಿ ಗೆದ್ದು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಬೇರೆ ವಿಶ್ವವಿದ್ಯಾಲಯಗಳ ಮೇಲೆ ಆಡಿ ಬಂದವರಿಗೆ ‘ಯುನಿವರ್ಸಿಟಿ ಬ್ಲೂ’ ಎನ್ನುತ್ತಾರಲ್ಲ, ಕಾಕಾ ಎಂಬತ್ತರ ದಶಕದಲ್ಲಿ ಕಬಡ್ಡಿಯಲ್ಲಿ ಅದಾಗಿದ್ದರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು, ಮರುವರ್ಷ ಧಾರವಾಡಕ್ಕೆ ಬಂದದ್ದು, ಪಾವಟೆನಗರದಲ್ಲಿ ಅಷ್ಟು ದೊಡ್ಡ ಕಟ್ಟಡ ಎದ್ದದ್ದು ಇದೆಲ್ಲ ಮುಂದೊಂದು ದಿನ ತಾವು ಬಂದು ರೇಡ್ ಹಾಕಲಿ ಎಂದೇ ಆಗಿದ್ದು ಎಂಬ ನಂಬಿಕೆ ಅವರದು.

ಆ ಕಾಲದ ಬ್ಲೇಜರ್ ಇನ್ನೂ ಇದೆ. ಟ್ರಂಕಿನ ತಳದಲ್ಲಿ ಡಾಂಬರ್ ಗುಳಿಗೆಗಳ ನಡುವೆ ವರ್ಷವಿಡೀ ಮಲಗಿರುವ ಅದು ಮದುವೆ ಸೀಜನ್ನಿಗೆ ಎದ್ದು ಬರುತ್ತದೆ. ಮೇ ತಿಂಗಳ ಬಿಸಿಲಲ್ಲಿ ಅಣ್ಣಿಗೇರಿಯ ಬೀಗರ ಮನೆಯ ಹಂದರದ ಕೆಳಗೆ ಗಂಡಸರೆಲ್ಲ ಅಂಗಿಯ ಗುಂಡಿ ಸಡಿಲಿಸಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರೆ, ಕಾಕಾ ಮಾತ್ರ ಉಣ್ಣೆಯ ಬ್ಲೇಜರಿನಲ್ಲಿ ಅಕ್ಷತೆ ಹಾಕುತ್ತಾರೆ. ಗುಂಡಿ ಕೂಡುವುದಿಲ್ಲ. ಗುಂಡಿಗೂ ಕಾಜಿಗೂ ಗೇಣುದ್ದದ ಅಂತರ. ಆದರೆ ಎದೆಯ ಮೇಲಿನ ಲಾಂಛನ ಕಾಣುತ್ತದೆ, ಕಾಕಾನಿಗೆ ಅಷ್ಟು ಸಾಕು.

ಅವರು ಆಡಿದ ಆ ಅಂತರ-ವಿಶ್ವವಿದ್ಯಾಲಯ ಪಂದ್ಯದ ಕಥೆಯನ್ನು ನಾನು ಚಡ್ಡಿ ಹಾಕುವ ವಯಸ್ಸಿನಿಂದ ಕೇಳುತ್ತ ಬಂದಿದ್ದೇನೆ. ಮೊದಲು ಕೇಳಿದಾಗ ಕಾಕಾ ತಂದದ್ದು ಮೂರು ಪಾಯಿಂಟು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಏಳಾಗಿತ್ತು, ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಹನ್ನೊಂದು. ನಮ್ಮೂರ ಕಡಲೆಯ ರೇಟಿನ ಹಾಗೆ ಏರಿ ಇಳಿಯುವ ಚಟ ಈ ಪಾಯಿಂಟುಗಳಿಗಿಲ್ಲ, ಏರುವುದೊಂದೇ ಗೊತ್ತು. 2019ರ ಜನವರಿ 5ರಂದು ಪ್ರೊ ಕಬಡ್ಡಿ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟು ತಂದು ಬೆಂಗಳೂರು ಬುಲ್ಸ್‌ಗೆ ಕಪ್ಪು ಗೆಲ್ಲಿಸಿದ ರಾತ್ರಿ ಕಾಕಾ ಫ್ಯಾಮಿಲಿ ಗ್ರೂಪಿನಲ್ಲಿ ಬರೆದರು: ‘ಹುಡುಗ ಚೊಲೋ ಆಡ್ಯಾನ. ಆದ್ರ ಅಂವಗ ಮ್ಯಾಟ್ ಇತ್ತು. ನಾವು ಕಲಘಟಗಿ ಕಡಿಂದ ಮಸಾರಿ ಮಣ್ಣ ತಂದು ಅಂಕಣ ಮಾಡಿದ್ವಿ.’ ಇದು ಮಾತ್ರ ಸುಳ್ಳಲ್ಲ. ನಮ್ಮ ಎರಿ ನೆಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕಿನೊಳಗೆ ಕಾಲೇ ಸಿಗುತ್ತದೆ. ಅಂಥ ನೆಲಕ್ಕೆ ಮಣ್ಣು ಹೊತ್ತು ತಂದು ಕಬಡ್ಡಿ ಆಡಿ ಬ್ಲೂ ಆದವರಿಗೆ ಒಂದು ನಮಸ್ಕಾರ ಸಲ್ಲಲೇಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಕಾಕಾನ ಎರಡನೇ ಇನ್ನಿಂಗ್ಸ್ ಶುರುವಾಯಿತು. ಮನೆಯೊಳಗೆ ನೆಟ್‌ವರ್ಕ್ ಹಿಡಿಯುವುದಿಲ್ಲವಾದ್ದರಿಂದ ಮುಂಜಾನೆ ಚಹಾ ಕುಡಿದು ಏಣಿ ಹಾಕಿಕೊಂಡು ಮಣ್ಣಿನ ಮ್ಯಾಳಗಿ ಏರುತ್ತಾರೆ. ಗವಾಕ್ಷಿಯ ಪಕ್ಕದಲ್ಲಿ ಒಂದು ಜಾಗವಿದೆ, ಅಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಬರುತ್ತದೆ. ಗವಾಕ್ಷಿಯಿಂದ ಕಾಕಾನ ಧ್ವನಿ ನೇರ ಅಡುಗೆಮನೆಗೆ ಇಳಿಯುವುದರಿಂದ, ಗ್ರೂಪಿಗೆ ಹೋಗುವ ಮೊದಲೇ ಸಂದೇಶ ಕಾಕುಗೆ ತಲುಪಿರುತ್ತದೆ. ಕಬಡ್ಡಿಯಲ್ಲಿ ಒಂದು ರೇಡಿಗೆ 30 ಸೆಕೆಂಡು. ಕಾಕಾನ ವಾಯ್ಸ್ ಮೆಸೇಜಿಗೆ ನಾಲ್ಕು ನಿಮಿಷ, ಅದೂ ಒಂದೇ ದಮ್ಮಿನಲ್ಲಿ. ‘ಎಲ್ಲರಿಗೂ ಶುಭೋದಯ’ದಿಂದ ಹೊರಟು ಹತ್ತಿ ಬೀಜ, ಮೊಣಕಾಲು ನೋವಿಗೆ ಎಕ್ಕೆಲೆ, ದೇಶದ ಪರಿಸ್ಥಿತಿ ಎಲ್ಲ ಮುಟ್ಟಿ, ಯಾರ ಕೈಗೂ ಸಿಗದೆ ಗೆರೆ ದಾಟಿ ವಾಪಸ್ ಬರುತ್ತಾರೆ.

ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಕಾಕಾ ಅದನ್ನು ಅಂಕಣಕ್ಕೆ ಎಳೆಯುತ್ತಾರೆ. ಕಲಘಟಗಿಯ ಅಳಿಯ ಮಗಳ ಬಾಣಂತನಕ್ಕೆ ತಮ್ಮೂರಿನ ಹೆಸರಾಂತ ಬಣ್ಣದ ತೊಟ್ಟಿಲು ಮಾಡಿಸಿ ಕೂಸಿನ ಸಮೇತ ಫೋಟೊ ಹಾಕಿದರೆ, ತೊಟ್ಟಿಲ ಮಾತೇ ಇಲ್ಲ, ‘ಕೂಸಿನ ಪಿಂಡರಿ ನೋಡ್ರಿ, ರೇಡರ್ ಪಿಂಡರಿ!’ ಕುಂದಗೋಳದ ಅತ್ತಿಗಂತೂ ಸಂಗೀತವೆಂದರೆ ಪ್ರಾಣ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗುರು ಸವಾಯಿ ಗಂಧರ್ವರು ತಮ್ಮೂರಿನವರು ಎಂಬ ಅಭಿಮಾನ ಬೇರೆ. ಆಕೆ ಅವರದೊಂದು ಹಳೆಯ ರೆಕಾರ್ಡಿಂಗ್ ಕಳಿಸಿದಳು. ಕಾಕಾ ಪೂರ್ತಿ ಕೇಳಿ ಮೆಚ್ಚಿಯೇ ಬರೆದರು: ‘ಏನ್ ದಮ್ಮ್ರೀ! ಈ ದಮ್ಮಿಗೆ ಒಂದ್ ರೇಡ್ ಹಾಕಿದ್ರ ಏಳೂ ಮಂದಿ ಔಟ್.’ ಅತ್ತಿ ಸಿಟ್ಟಾಗಿ ಸದ್ದಿಲ್ಲದೆ ಗ್ರೂಪು ಬಿಟ್ಟಳು. 2022ರಿಂದ ವಾಟ್ಸ್ಆ್ಯಪಿನಲ್ಲಿ ಹಾಗೆ ಬಿಟ್ಟು ಹೋದರೆ ಎಲ್ಲರಿಗೂ ಡಂಗುರವಾಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಸುದ್ದಿ ಹೋಗುತ್ತದೆ. ಅಡ್ಮಿನ್ ಯಾರು? ಕಾಕಾ. ಐದು ನಿಮಿಷದಲ್ಲಿ ಅತ್ತಿಯನ್ನು ಹಿಡಿದು ತಂದು ಮತ್ತೆ ಒಳಗೆ ಹಾಕಿದರು.

ಫಾರ್ವರ್ಡ್‌ಗಳ ವಿಷಯದಲ್ಲಿ ಮಾತ್ರ ಕಾಕಾನಿಗೆ ವಾಟ್ಸ್ಆ್ಯಪ್ ಕಂಪನಿಯ ಮೇಲೆ ಹಳೆಯ ಸಿಟ್ಟಿದೆ. 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಎಂದು ಮಾಡಿದರು. ‘ಗ್ರೀನ್ ಕಾರ್ಡ್ ತೋರಿಸ್ಯಾರ’ ಎಂದು ಕಾಕಾ ಸುಮ್ಮನಾದರು. 2020ರ ಏಪ್ರಿಲ್ಲಿನಲ್ಲಿ, ಬಹಳ ಕೈ ದಾಟಿ ಬಂದದ್ದನ್ನು ಒಂದೇ ಕಡೆ ಕಳಿಸಬಹುದು ಎಂದಾದಾಗ ‘ಇದು ಯೆಲ್ಲೋ ಕಾರ್ಡ್, ನಾ ಏನ್ ಫೌಲ್ ಮಾಡೇನಿ?’ ಎಂದು ಮ್ಯಾಳಗಿಯ ಮೇಲಿಂದ ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಕಾಕಾ ಹೆಣ್ಣುಮಕ್ಕಳ ಆಟದ ದೊಡ್ಡ ಬೆಂಬಲಿಗರೂ ಹೌದು, ಫೋನಿನಲ್ಲಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಬಾರಿ ಜಾಗ ಸಿಕ್ಕು ಭಾರತ ಚಿನ್ನ ಗೆದ್ದಾಗ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು ಎಂಬುದನ್ನು ಪ್ರತಿ ಮಹಿಳಾ ದಿನಾಚರಣೆಗೆ ತಪ್ಪದೆ ನೆನಪಿಸುತ್ತಾರೆ. ಆದರೆ ದೊಡ್ಡಪ್ಪನ ಮಗಳು ಡಿಗ್ರಿಗೆ ಸೇರಿ ಕಾಲೇಜಿನ ಕಬಡ್ಡಿ ತಂಡಕ್ಕೆ ಬಂದಾಗ, ಅದೇ ಕಾಕಾ ದೊಡ್ಡವ್ವನಿಗೆ ಹೇಳಿದ್ದು: ‘ವೈನಿ, ಅಕಿಗ್ಯಾಕ ಬೇಕ್ರಿ ಇದು? ನಾಳೆ ಕಾಲು ಉಳುಕಿದ್ರ ಗಂಡಿನವ್ರು ನಡಸಿ ನೋಡ್ತಾರ. ಪ್ರಾಕ್ಟೀಸ್ ಮುಗಿಯೂದ್ರಾಗ ಕಡೀ ಬಸ್ಸೂ ಹೋಗಿರ್ತೈತಿ.’ ದೊಡ್ಡವ್ವ ಏನೂ ಅನ್ನಲಿಲ್ಲ. ಹುಡುಗಿ ಗೆಳತಿಯ ಮನೆಯಲ್ಲಿ ಉಳಿದು, ಒಮ್ಮೊಮ್ಮೆ ಟಂಟಂ ಹಿಡಿದು ಹೇಗೋ ಆಡುತ್ತಿದ್ದಳು.

ಒಂದು ಸಂಜೆ ಗ್ರೂಪಿಗೆ ಒಂದು ವಿಡಿಯೊ ಬಂತು. ಬೆಂಗಳೂರಿನ ತಮ್ಮ ಹಾಕಿದ್ದ. ಯಾವುದೋ ಕಾಲೇಜು ಮೈದಾನ, ಧೂಳು, ಹಿಂದೆ ಸಿನಿಮಾ ಹಾಡು. ಎದುರಿಗೆ ಮೂವರು ಸರಪಳಿ ಕಟ್ಟಿ ನಿಂತಿದ್ದಾರೆ. ಹುಡುಗಿಯೊಬ್ಬಳು ಬಾಗಿ, ಎಡಕ್ಕೆ ಹೋಗುವಂತೆ ಮಾಡಿ, ಬಲಗಾಲಿನ ಹೆಬ್ಬೆರಳು ಚಾಚಿ ಒಬ್ಬಳನ್ನು ಮುಟ್ಟಿ, ಹಿಡಿದವಳನ್ನೂ ಎಳೆದುಕೊಂಡು ನಡುಗೆರೆಯ ಮೇಲೆ ಬಿದ್ದಳು. ಕಾಕಾ ಚಾಳೀಸು ಹಾಕಿರಲಿಲ್ಲ. ವಾಯ್ಸ್ ಮೆಸೇಜ್ ತಕ್ಷಣ ಬಂತು: ‘ಇದು ನೋಡ್ರಿ ಆಟ ಅಂದ್ರ! ಯಾವ ಪುಣ್ಯಾತ್ಮನ ಮಗಳೋ ಏನೋ. ಇಂಥಾಕಿ ಒಬ್ಬಾಕಿ ನಮ್ಮ ಮನಿತನದಾಗ ಹುಟ್ಟಬೇಕಾಗಿತ್ತು. ನಮ್ಮವು ಬರೇ ಮೊಬೈಲ್ ತಿಕ್ಕೂದ್ರಾಗ ಬ್ಲೂ ಆಗ್ಯಾವು…’

ಕೆಳಗೆ ಒಂದೇ ಸಾಲಿನ ಉತ್ತರ: ‘ಹುಟ್ಟೇನಲ್ರಿ ಕಾಕಾ. ಜರ್ಸಿ ನಂಬರ್ 7.’

ಗ್ರೂಪಿನಲ್ಲಿ ಅಂಥ ಮೌನ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಕಾಕಾ ಆ ಮೆಸೇಜನ್ನು ಅಳಿಸಿದರು, ಅಳಿಸಿದ ಗುರುತು ಉಳಿಯಿತು. ಅಷ್ಟರಲ್ಲಿ ಕುಂದಗೋಳದ ಅತ್ತಿ ಅದನ್ನು ಬೀಗರ ಗ್ರೂಪಿಗೆ ದಾಟಿಸಿ, ಸವಾಯಿ ಗಂಧರ್ವರ ಲೆಕ್ಕ ಚುಕ್ತಾ ಮಾಡಿಕೊಂಡಿದ್ದಳು.

ಎರಡು ದಿನ ಕಾಕಾ ಮ್ಯಾಳಗಿ ಹತ್ತಲಿಲ್ಲ. ಮೂರನೆಯ ದಿನ ಸಂಜೆ ಗಾಡಿ ತೆಗೆದುಕೊಂಡು ಕಾಲೇಜು ಮೈದಾನದ ಬೇಲಿಯ ಹೊರಗೆ ನಿಂತರು. ಪ್ರಾಕ್ಟೀಸ್ ಮುಗಿದ ಮೇಲೆ ಅಣ್ಣನ ಮಗಳನ್ನು ಹಿಂದೆ ಕೂರಿಸಿಕೊಂಡು ಬಂದರು. ಅಂದಿನಿಂದ ಅದೇ ರೂಢಿ. ಈಗ ಸಿಕ್ಕಸಿಕ್ಕವರಿಗೆ ‘ಅಕೀನ್ನ ತಯಾರ್ ಮಾಡಿದಾವ ನಾನs. ರಕ್ತದಾಗ ಬಂದೈತಿ’ ಎನ್ನುತ್ತಾರೆ. ದೊಡ್ಡವ್ವನ ಲೆಕ್ಕ ಬೇರೆ: ‘ಮೈದುನ ಮಾಡಿದ್ದು ಇಷ್ಟ, ಗಾಡಿಗೆ ಪೆಟ್ರೋಲ್ ಹಾಕಿಸ್ಯಾನ.’

ಆದರೆ ಆ ಪೆಟ್ರೋಲನ್ನು ಹಗುರ ಮಾಡುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹುಡುಗಿಯರು ಆಟ ಬಿಡುವುದು ಸಂಜೆಯ ಕೊನೇ ಬಸ್ಸಿನ ದೆಸೆಯಿಂದ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆತನದ ಬ್ಲೂ ಕಾಕಾನನ್ನು ಮ್ಯೂಟ್ ಮಾಡಬೇಡಿ. ನಿಮ್ಮ ಮನೆಯ ಹುಡುಗಿಯ ಆಟದ ವಿಡಿಯೊ ಇದ್ದರೆ ಇವತ್ತೇ ಗ್ರೂಪಿಗೆ ಹಾಕಿ. ಹೆಸರು ಮಾತ್ರ ಮೊದಲೇ ಹೇಳಬೇಡಿ.